ಮಳೆಗೆ ರಜೆ ಸಿಗುತ್ತಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮಳೆಯದ್ದು. ಉಳಿದ ಕಾಲು ಪಾಲು ಆಫೀಸಿನದ್ದು, ಅದರಲ್ಲೂ ಅರ್ಧ ಮಳೆಯಿಂದಲೇ ಶುರುವಾಗುತ್ತವೆ. ಚಿತ್ತೆ ಮಳೆ ಮುಗಿದು ಸ್ವಾತಿ ಹಿಡಿದಿರುವ ಹೊತ್ತು, ಇನ್ನೇನು ಕೇಳುತ್ತೀರಿ! ಹೊಸ ಓದುಗರಿಗೆ ಒಂದು ಮಾತು: ನಾನು ಹವಾಮಾನ ತಜ್ಞೆ ಅಲ್ಲ, ವಕೀಲೆಯೂ ಅಲ್ಲ. ಬೆಂಗಳೂರಿನ ಹೊಸೂರು ರಸ್ತೆಯ ಒಂದು ಕಂಪನಿಯಲ್ಲಿ ಏಳು ವರ್ಷದಿಂದ ಸಂಬಳದ ಲೆಕ್ಕ ಮಾಡುತ್ತಿದ್ದೇನೆ. ಊರು ಮೂಡಿಗೆರೆ ಕಡೆ. ಅಪ್ಪನಿಗೆ ಐದು ಎಕರೆ ಕಾಫಿ ತೋಟ ಇದೆ. ಹಾಗಾಗಿ ಮಳೆಯ ಲೆಕ್ಕ ಅಪ್ಪನದು, ರಜೆಯ ಲೆಕ್ಕ ನನ್ನದು.

ಪ್ರ: ರಾತ್ರಿಯಿಡೀ ಮಳೆ, ಬೆಳಗ್ಗೆ ರಸ್ತೆ ತುಂಬ ನೀರು. ರಜೆ ಕೇಳಿದರೆ ನಮ್ಮ ಮ್ಯಾನೇಜರ್ "ಮಳೆಗೆಲ್ಲ ರಜೆ ಕೊಡೋಕೆ ನೀನೇನು ಶಾಲೆ ಹುಡುಗನಾ" ಅಂತ ನಕ್ಕರು. ನಿಜವಾಗಲೂ ಇಲ್ವಾ?
— ಒದ್ದೆ ಶೂ, ಮಾರತ್‌ಹಳ್ಳಿ

ಉ: ಅವರು ನಕ್ಕಿದ್ದರಲ್ಲಿ ಅರ್ಧ ಸರಿ. ಜಿಲ್ಲಾಧಿಕಾರಿ ಮಳೆಗೆ ರಜೆ ಕೊಡುವುದು ಶಾಲೆ, ಅಂಗನವಾಡಿಗಳಿಗೆ. ನಾವು ಚಿಕ್ಕವರಿದ್ದಾಗ ಜುಲೈ ತಿಂಗಳಲ್ಲಿ ಯೂನಿಫಾರ್ಮ್ ಹಾಕಿಕೊಂಡೇ ಆ ಸುದ್ದಿಗೆ ಕಾಯುತ್ತಿದ್ದೆವು. ಬಂದರೆ ಯೂನಿಫಾರ್ಮ್‌ನಲ್ಲೇ ಮತ್ತೆ ಹಾಸಿಗೆಗೆ.

ಉಳಿದರ್ಧ ತಪ್ಪು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರಲ್ಲಿ ಗಳಿಕೆ ರಜೆ ಬಿಟ್ಟು ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಯಾವುದಕ್ಕೆ? ಕಾಯಿಲೆಗೆ, ಅಪಘಾತಕ್ಕೆ, ಇಲ್ಲವೇ ಬೇರೆ ಸರಿಯಾದ ಕಾರಣಕ್ಕೆ. ಮೊಣಕಾಲುದ್ದ ನೀರು ಸರಿಯಾದ ಕಾರಣ ಅಲ್ಲ ಅನ್ನುವವರು ಒಮ್ಮೆ ಪ್ಯಾಂಟ್ ಮಡಚಿಕೊಂಡು ಇಳಿದು ನೋಡಲಿ.

ಆದರೆ ನಾವು ಮಳೆ ಅಂತ ಬರೆಯುವುದೇ ಇಲ್ಲ, ಅದು ತಮಾಷೆ. 2024ರ ಜೂನ್ 2, ಭಾನುವಾರ. ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಟ್ಟಿಗೆ 133 ವರ್ಷದ ದಾಖಲೆ ಮುರಿದ ಮಳೆ. ಹಳೆಯ ದಾಖಲೆ 1891ರದ್ದು. ಸೋಮವಾರ ನಾನು ಕಂಪ್ಯೂಟರ್ ತೆರೆದರೆ 23 ರಜೆ ಅರ್ಜಿ. ಅದರಲ್ಲಿ 14 ಹೊಟ್ಟೆನೋವು. ನಮ್ಮ ರಜೆಯ ತಂತ್ರಾಂಶದಲ್ಲಿ ಕಾರಣ ಆರಿಸುವ ಪಟ್ಟಿ ಒಂದಿದೆ: ಅನಾರೋಗ್ಯ, ಕುಟುಂಬ, ಪ್ರಯಾಣ, ಇತರೆ. "ಇತರೆ" ಒತ್ತಿದರೆ ವಿವರಣೆ ಬರೆಯಬೇಕು. ಅಷ್ಟು ಬರೆಯುವ ಬದಲು ಹೊಟ್ಟೆ ನೋಯಿಸಿಕೊಳ್ಳುವುದು ಸುಲಭ. ಹದಿನಾಲ್ಕನ್ನೂ ಮುಂದೆ ಕಳಿಸಿದೆ. ನನ್ನದು ಹದಿನೈದನೆಯದು ಆಗಬೇಕಿತ್ತು, ಆದರೆ ಸಂಬಳ ಹಾಕುವ ವಾರ ನನಗೆ ಹೊಟ್ಟೆ ನೋಯುವಂತಿಲ್ಲ.

ಅವತ್ತು ಬೆಳಗ್ಗೆ ಏಳಕ್ಕೆ ಬಂದು ನೆಲ ಒರೆಸಿದ್ದು ನಮ್ಮ ಹೌಸ್‌ಕೀಪಿಂಗ್ ಅಕ್ಕ. ಬೇಗೂರಿನಿಂದ ಬರುತ್ತಾರೆ. ಸೀರೆ ಮೊಣಕಾಲವರೆಗೆ ಒದ್ದೆ. ಅವರ ಹಾಜರಿ ನನ್ನ ತಂತ್ರಾಂಶದಲ್ಲಿ ಬರುವುದಿಲ್ಲ, ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ. ಕಾಲು ಗಂಟೆ ತಡವಾದರೆ ಅರ್ಧ ದಿನ ಕಟ್. "ನಿಮಗೆ ರಜೆ ಇಲ್ವಾ ಅಕ್ಕ" ಅಂತ ಕೇಳಿದೆ. "ಭಾನುವಾರ ಇತ್ತಲ್ಲ ಮೇಡಂ, ನಿನ್ನೆ" ಅಂದರು. ಆ ಭಾನುವಾರ ಅವರು ಏನು ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು: ಮನೆಯೊಳಗೆ ಬಂದ ನೀರು ಎತ್ತಿ ಹಾಕಿದ್ದರು.

ನೀವು ಮುಂದಿನ ಸಲ "ಇತರೆ" ಒತ್ತಿ. "ಮಳೆ" ಅಂತಲೇ ಬರೆಯಿರಿ. ನನ್ನಂಥ ಯಾರೋ ಒಬ್ಬರು ಅದನ್ನು ಓದುತ್ತಾರೆ, ಖುಷಿಪಡುತ್ತಾರೆ.

ಪ್ರ: ಟೀವಿಯಲ್ಲಿ "60 ಮಿ.ಮೀ. ಮಳೆ" ಅನ್ನುತ್ತಾರೆ. ಅದು ಎಷ್ಟು ಅಂತ ಕಣ್ಣಿಗೆ ಕಟ್ಟುವ ಹಾಗೆ ಹೇಳಿ.
— ಹತ್ತನೇ ಕ್ಲಾಸ್ ವಿದ್ಯಾರ್ಥಿನಿ, ತುಮಕೂರು

ಉ: ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. 60 ಮಿ.ಮೀ. ಅಂದರೆ 60 ಲೀಟರ್. ಅಷ್ಟು ಗೊತ್ತಾದರೆ ಆಟ ಶುರು. ಬೆಂಗಳೂರಿನ 30×40 ಸೈಟು ಸುಮಾರು 111 ಚದರ ಮೀಟರ್. ಮೇಲೆ ಹೇಳಿದ ಜೂನ್ 2ರ ಮಳೆ ಅಂಥ ಒಂದೊಂದು ಸೈಟಿನ ಮೇಲೂ 12 ಸಾವಿರ ಲೀಟರಿಗಿಂತ ಜಾಸ್ತಿ ನೀರು ಸುರಿದಿತ್ತು. ಸರಿಯಾಗಿ ಒಂದು ದೊಡ್ಡ ಟ್ಯಾಂಕರ್. ಅದಕ್ಕೆ ಮೂರು ತಿಂಗಳ ಹಿಂದೆ, ಅದೇ ವರ್ಷದ ಮಾರ್ಚ್‌ನಲ್ಲಿ, ಇದೇ ಊರಿನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಜನ ಕೈಮುಗಿಯುತ್ತಿದ್ದರು. ಜಿಲ್ಲಾಡಳಿತ ದರ ಕಟ್ಟಬೇಕಾಯಿತು: ಐದು ಕಿ.ಮೀ. ಒಳಗೆ 12 ಸಾವಿರ ಲೀಟರಿಗೆ 1,000 ರೂಪಾಯಿ. ಆಮೇಲೆ ಅಷ್ಟೇ ನೀರು ಪ್ರತಿ ಮನೆಯ ತಾರಸಿಗೂ ಪುಕ್ಕಟೆ ಬಂತು. ನಾವು ಏನು ಮಾಡಿದೆವು? ಮೋರಿಗೆ ಬಿಟ್ಟು, ಮೋರಿ ಉಕ್ಕಿತು ಅಂತ ವಿಡಿಯೊ ಮಾಡಿದೆವು. ಮಳೆ ನೀರು ಸಂಗ್ರಹ ಬೆಂಗಳೂರಿನಲ್ಲಿ 2009ರಿಂದಲೂ ಕಾನೂನು. ನಮ್ಮ ಓನರ್ ಮನೆಯಲ್ಲೂ ಪೈಪ್ ಇದೆ. ಅದರ ಬಾಯಿಗೆ ತುಳಸಿ ಕುಂಡ ಇಟ್ಟಿದ್ದಾರೆ.

ಇನ್ನೊಂದು ವಿಷಯ. ಹವಾಮಾನ ಇಲಾಖೆಯ "ಒಂದು ದಿನ" ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ. ಆ ಒಂದು ದಿನದಲ್ಲಿ 64.5 ಮಿ.ಮೀ. ದಾಟಿದರೆ ಮಾತ್ರ ಅದು ಅವರ ಭಾಷೆಯಲ್ಲಿ "ಭಾರಿ ಮಳೆ". ನೀನು ಟೀವಿಯಲ್ಲಿ ಕೇಳಿದ 60 ಇನ್ನೂ ಭಾರಿ ಆಗಿಲ್ಲಮ್ಮ!

ನಮ್ಮಪ್ಪ ಇದ್ಯಾವುದನ್ನೂ ಒಪ್ಪುವುದಿಲ್ಲ. ಕಾಫಿ ತೋಟದವರಿಗೆ ಇವತ್ತಿಗೂ ಮಳೆ ಅಂದರೆ ಇಂಚು ಮತ್ತು ಸೆಂಟ್. ಒಂದು ಇಂಚಿಗೆ ನೂರು ಸೆಂಟ್. ಅಂಗಳದಲ್ಲಿ ಮಳೆ ಅಳೆಯುವ ಡಬ್ಬ, ಅಡುಗೆಮನೆ ಗೋಡೆಗೆ ನೇತುಹಾಕಿದ ಉದ್ದನೆಯ ನೋಟ್‌ಬುಕ್. ಜೂನ್ 2ರ ರಾತ್ರಿ ಫೋನ್ ಮಾಡಿ "111 ಮಿಲಿಮೀಟರ್ ಅಪ್ಪ!" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ, ಮನಸ್ಸಿನಲ್ಲೇ ಭಾಗಾಕಾರ. "ನಾಲ್ಕು ಇಂಚು ಮೂವತ್ತೇಳು ಸೆಂಟ್. ಅಷ್ಟಕ್ಕೆ ಟೀವಿಯವರು ದಿನವಿಡೀ ಕೂಗಬೇಕಾ?"

ಪ್ರ: ನೆಂಟರ ಮನೆಗೆ ಹೋದರೆ ಸಾಕು, "ಮದುವೆ ಯಾವಾಗ" ಅಂತಾರೆ. ಏನು ಹೇಳಲಿ?
— ಇಪ್ಪತ್ತೊಂಬತ್ತು, ಶಿವಮೊಗ್ಗ

ಉ: ಮಳೆ ಬಗ್ಗೆ ಮಾತು ತೆಗೆಯಿರಿ. "ಈ ಸಲ ಆರಿದ್ರಾ ಸರಿಯಾಗಿ ಆಯ್ತಾ ಚಿಕ್ಕಪ್ಪ?" ಅಂದರೆ ಮಲೆನಾಡಿನಲ್ಲಿ ಕನಿಷ್ಠ ಒಂದು ಗಂಟೆ ನೀವು ಸುರಕ್ಷಿತ.

ಪ್ರ: "ಬೆಂಗಳೂರು ಮೊದಲು ಹೀಗಿರಲಿಲ್ಲ, ಫ್ಯಾನೇ ಬೇಕಿರಲಿಲ್ಲ" ಅಂತ ನಮ್ಮ ಅತ್ತೆ ದಿನಾ ಹೇಳುತ್ತಾರೆ. ನಿಜವೋ, ಹಳೇ ಕಾಲದ ಹೊಗಳಿಕೆಯೋ?
— ಸೊಸೆ, ವಿಜಯನಗರ

ಉ: ನಾನು ಬಾಡಿಗೆಗಿರುವ ಜಯನಗರದ ಮನೆ ಐವತ್ತು ವರ್ಷ ಹಳೆಯದು. ಹಾಲ್‌ನ ಚಾವಣಿಯಲ್ಲಿ ಫ್ಯಾನ್ ಹಾಕಲು ಕೊಕ್ಕೆಯೇ ಇಲ್ಲ. ಕಟ್ಟಿದವರು ಮರೆತದ್ದಲ್ಲ, ಬೇಕು ಅಂತ ಅನ್ನಿಸಿರಲಿಲ್ಲ. ನಿಮ್ಮ ಅತ್ತೆಗೆ ಇದು ಒಂದು ಸಾಕ್ಷಿ.

ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಅದಕ್ಕೇ ತಂಪು. ಆ ಎತ್ತರ ಎಲ್ಲೂ ಹೋಗಿಲ್ಲ. ಹೋಗಿದ್ದು ಕೆರೆ, ಮರ, ಬಯಲು. ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಉಗುಳುತ್ತದೆ, ಹಾಗಾಗಿ ಈಗ ಕಾಡುವುದು ಹಗಲಿಗಿಂತ ರಾತ್ರಿಯ ಸೆಕೆ. ನಗರದ ದಾಖಲೆಯ ಗರಿಷ್ಠ ತಾಪಮಾನ 39.2 ಡಿಗ್ರಿ, 2016ರ ಏಪ್ರಿಲ್‌ನದು. 2024ರ ಏಪ್ರಿಲ್‌ನಲ್ಲಂತೂ ನಗರದ ವೀಕ್ಷಣಾಲಯದಲ್ಲಿ ಒಂದು ಹನಿ ಮಳೆ ದಾಖಲಾಗಲಿಲ್ಲ. ಏಪ್ರಿಲ್ ಕೊನೆಯ ಭರಣಿ ಮಳೆಯನ್ನು ನೆಚ್ಚಿಕೊಂಡ "ಭರಣಿ ಸುರಿದರೆ ಧರಣಿಯೆಲ್ಲ ಬೆಳೆ" ಅನ್ನುವ ಗಾದೆ ಆ ವರ್ಷ ಸುಮ್ನೆ ಕೂತಿತ್ತು.

ಆದರೆ ಅತ್ತೆಯವರಿಗೆ ಇದನ್ನೂ ಹೇಳಿ: ಅತಿ ಕಡಿಮೆ ತಾಪಮಾನದ ದಾಖಲೆ 7.8 ಡಿಗ್ರಿ, 1884ರ ಜನವರಿಯದು. ಅದನ್ನು ಅವರೂ ನೋಡಿಲ್ಲ. (ಹೇಳಿದ ಮೇಲೆ ಏನಾಯಿತು ಅಂತ ಬರೆಯಿರಿ. ಜವಾಬ್ದಾರಿ ನನ್ನದಲ್ಲ.)

ಪ್ರ: ಮಳೆ ಬರುವಾಗ ಫೋನ್‌ನಲ್ಲಿ ಊಟ ತರಿಸುವುದು ತಪ್ಪಾ? ತರಿಸಿದರೂ ಒಂಥರಾ ಅನ್ನಿಸುತ್ತೆ, ತರಿಸದಿದ್ದರೆ ಹಸಿವು.
— ಪಿಜಿ ನಿವಾಸಿ, ಬಿಟಿಎಂ ಲೇಔಟ್

ಉ: ನನಗೂ ಹಾಗೇ ಅನ್ನಿಸುತ್ತಿತ್ತು. ಮಳೆ ಜೋರಾದಾಗ ಆ ಆ್ಯಪ್ ಮುಟ್ಟಬಾರದು ಅಂತ ನಿಯಮ ಮಾಡಿಕೊಂಡು, ಉಪ್ಪಿಟ್ಟು ತಿಂದು, ನಾನು ಭಾರಿ ಒಳ್ಳೆಯವಳು ಅಂದುಕೊಂಡು ಮಲಗುತ್ತಿದ್ದೆ. ಆ ನಿಯಮ ಮುರಿದದ್ದು ಹೋದ ವಾರ. ತಿಂಗಳ ಕೊನೆಯ ಲೆಕ್ಕ ಮುಗಿಸಿ ಮನೆಗೆ ಬಂದಾಗ ರಾತ್ರಿ ಒಂಬತ್ತೂವರೆ. ರವೆಯೂ ಇಲ್ಲ. ತರಿಸಿದೆ.

ಬಂದ ಹುಡುಗನಿಗೆ ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸಿರಬಹುದು. ಫೋನಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ. ರೇನ್‌ಕೋಟಿನ ಪ್ಯಾಂಟ್ ಇರಲಿಲ್ಲ, ಮೇಲಿನದು ಮಾತ್ರ. ನನ್ನ ಪೊಟ್ಟಣ ಮಾತ್ರ ಒಣಗಿತ್ತು. "ಒಳಗೆ ಬಂದು ಐದು ನಿಮಿಷ ನಿಲ್ಲಿ, ಕಾಫಿ ಕೊಡ್ತೀನಿ" ಅಂದೆ. ಮೂಡಿಗೆರೆಯವರಿಗೆ ಗೊತ್ತಿರುವ ಸಮಾಧಾನ ಇದೊಂದೇ. ಅವನು ಬಾಗಿಲ ಹೊರಗೇ ನಿಂತ. ಇನ್ನೊಂದು ಆರ್ಡರ್ ಬಂದಾಗಿತ್ತು. "ಸಾರಿ, ಇಂಥ ಮಳೇಲಿ ತರಿಸಿಬಿಟ್ಟೆ" ಅಂದೆ.

ನಕ್ಕ. "ಮಳಿ ಬಂದ್ರ ನಮಗ ಚಲೋನೇ ಅಕ್ಕಾ. ರೇಟ್ ಜಾಸ್ತಿ ಕೊಡ್ತಾರ. ನೀವೆಲ್ಲ ಪಾಪ ಅಂತ ಆರ್ಡರ್ ಬಂದ್ ಮಾಡಿದ್ರ ನಾವು ಏನ್ ತಿನ್ನೂಣು?"

ಉತ್ತರ ಹೊಳೆಯಲಿಲ್ಲ. ಊರು ಯಾವುದು ಅಂದೆ. ಲಿಂಗಸುಗೂರು ಕಡೆ. ಅಪ್ಪ ಎರಿ ಹೊಲದಲ್ಲಿ ಬಿಳಿಜೋಳ ಬಿತ್ತಿದ್ದಾರೆ. ಹಿಂಗಾರಿ ಬೆಳೆ ನಿಲ್ಲುವುದೇ ನೆಲದ ಹಸಿಯ ಮೇಲೆ, ಒಂದು ಮಳೆ ಆದರೆ ಬಂಗಾರ. "ಇಲ್ಲಿ ಹೊಡಿಯೂದು ಅಲ್ಲಿ ಹೊಡದಿದ್ರ ನಾ ಇಲ್ಲಿಗೆ ಯಾಕ ಬರ್ತಿದ್ದೆ" ಅಂತ ಹೇಳಿ ಗಾಡಿ ಸ್ಟಾರ್ಟ್ ಮಾಡಿದ.

ಅದೇ ರಾತ್ರಿ ಅಪ್ಪ ಫೋನ್ ಮಾಡಿದ್ದರು. ನಮ್ಮ ಕಡೆ ಅರೇಬಿಕಾ ಹಣ್ಣಾಗುವ ಹೊತ್ತು. ಈಗ ಮಳೆ ಹಿಡಿದರೆ ಹಣ್ಣು ಒಡೆದು ಉದುರುತ್ತದೆ, ಕುಯ್ದಿದ್ದು ಕಣದಲ್ಲಿ ಒಣಗುವುದಿಲ್ಲ. "ಈ ಮಳೆ ಒಮ್ಮೆ ಹೋದ್ರೆ ಸಾಕು ಮಗಾ" ಅಂದರು. ಇದೇ ಅಪ್ಪ ಮಾರ್ಚ್‌ನಲ್ಲಿ ಹೂಮಳೆಗೆ ದಿನಾ ಆಕಾಶ ನೋಡುತ್ತಿರುತ್ತಾರೆ. ಒಂದಿಂಚು ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ. ಆ ಹೂ ಅರಳಿದ ದಿನವೇ ಮತ್ತೆ ಮಳೆ ಬಂದರೆ ಪರಾಗ ತೊಳೆದುಹೋಗಿ ಲುಕ್ಸಾನು. ಒಂದು ವಾರದ ಅಂತರದಲ್ಲಿ ಮಳೆಯನ್ನು ಕರೆದು, ಅದೇ ಬಾಯಲ್ಲಿ ಬೈಯುವ ಕೆಲಸ ಅವರದು.

ಇಬ್ಬರು ಅಪ್ಪಂದಿರು, ಒಂದೇ ಸ್ವಾತಿ. ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ. ನಡುವೆ ಆ ಹುಡುಗ, ಅವನಿಗೆ ಒಂದು ಟ್ರಿಪ್‌ಗೆ ಸಿಗುವ ಜಾಸ್ತಿ ಹಣ. ಆಚೆ ನಾನು, ಉಪ್ಪಿಟ್ಟು ತಿಂದು ಪುಣ್ಯ ಕಟ್ಟಿಕೊಳ್ಳುವವಳು. ನನ್ನ ನಿಯಮದಿಂದ ಆತನಿಗೆ ಒಂದು ಪೈಸೆಯ ಉಪಯೋಗ ಆಗಿರಲಿಲ್ಲ ಅನ್ನುವುದು ಸ್ವಲ್ಪ ಚುಚ್ಚಿತು.

ಹಾಗಂತ ಎಲ್ಲ ಸರಿಯಾಗಿದೆ ಅಂತಲೂ ಅಲ್ಲ. ಜಾಸ್ತಿ ರೇಟು ಮಳೆಗೆ ಸಿಗುತ್ತದೆ, ಜಾರಿ ಬಿದ್ದರೆ? ಅದಕ್ಕೇ 2025ರಲ್ಲಿ ರಾಜ್ಯ ಸರ್ಕಾರ ಗಿಗ್ ಕೆಲಸಗಾರರ, ಅಂದರೆ ಹೀಗೆ ಆ್ಯಪ್ ಮೂಲಕ ದುಡಿಯುವವರ, ಕಾಯ್ದೆ ತಂದಿತು. ಪ್ರತಿ ಕೆಲಸಕ್ಕೆ ಆ ಹುಡುಗನಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ಹೇಳದೆ ಏಕಾಏಕಿ ಕೆಲಸದಿಂದ ತೆಗೆಯುವಂತಿಲ್ಲ. ಸಂಬಳದ ಲೆಕ್ಕ ಮಾಡುವವಳಾಗಿ ನನಗೆ ಇದರಲ್ಲಿ ಹಿಡಿಸಿದ್ದು ಒಂದೇ: ಇಷ್ಟು ದಿನ "ಪಾರ್ಟ್‌ನರ್" ಅಂತ ಕರೆಸಿಕೊಂಡು ಯಾವ ಪಟ್ಟಿಯಲ್ಲೂ ಇಲ್ಲದವನ ಹೆಸರು ಒಂದು ಪಟ್ಟಿಯಲ್ಲಿ ಬರುತ್ತದೆ.

ನಿಮಗೆ ಹಸಿವಾದರೆ ತರಿಸಿ. ಒಂದನೇ ಮಹಡಿಯಲ್ಲಿದ್ದರೆ ಇಳಿದು ಬನ್ನಿ, ಗೇಟಿನ ಹತ್ತಿರ ನಿಂತಿರಿ. "ಎಲ್ಲಿದ್ದೀರಿ, ಬೇಗ ಬನ್ನಿ" ಅಂತ ಫೋನ್ ಮಾಡಬೇಡಿ, ಗಾಡಿ ಓಡಿಸುವಾಗ ಆತ ಒದ್ದೆ ಕೈಯಲ್ಲಿ ಆ ಕವರ್ ಬಿಚ್ಚಬೇಕಾಗುತ್ತದೆ.

ಪ್ರ: ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ದೊಡ್ಡವರು ಹೇಳಿದರಲ್ಲ, ನಿಮ್ಮ ಅಭಿಪ್ರಾಯ?
— ಹೊಸ ಎಂಜಿನಿಯರ್, ಮೈಸೂರು

ಉ: ಇನ್ಫೊಸಿಸ್ ಸಹ ಸ್ಥಾಪಕ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದ ಮಾತು. ಅಭಿಪ್ರಾಯ ಎಲ್ಲರೂ ಹೇಳಿಯಾಗಿದೆ, ನಾನು ಲೆಕ್ಕ ಹೇಳುತ್ತೇನೆ. ನಮ್ಮ ಅಂಗಡಿ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48. ಅದಕ್ಕಿಂತ ಮೇಲೆ ದುಡಿಸಿದರೆ ಎರಡು ಪಟ್ಟು ಕೂಲಿ, ಅದಕ್ಕೂ ಮೂರು ತಿಂಗಳಿಗೆ 50 ಗಂಟೆಯ ಮಿತಿ. 2025ರ ಜೂನ್‌ನಲ್ಲಿ ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12, ಮೂರು ತಿಂಗಳಿಗೆ 144 ಗಂಟೆ ಓವರ್‌ಟೈಮ್ ಮಾಡುವ ಪ್ರಸ್ತಾವ ಬಂತು. ಐಟಿ ನೌಕರರ ಸಂಘಟನೆಗಳು ಬೀದಿಗಿಳಿದವು.

ನಾನು ಪ್ರತಿ ತಿಂಗಳು ಸಂಬಳದ ಹಾಳೆ ತೆರೆಯುತ್ತೇನಲ್ಲ, ಅದರಲ್ಲಿ "ಓವರ್‌ಟೈಮ್" ಅಂತ ಒಂದು ಕಾಲಂ ಇದೆ. ಏಳು ವರ್ಷದಿಂದ ಆ ಕಾಲಂ ಮೇಲಿನಿಂದ ಕೆಳಗಿನವರೆಗೂ ಸೊನ್ನೆ. ರಾತ್ರಿ ಹತ್ತಕ್ಕೆ ಕಾರ್ಡ್ ಸ್ವೈಪ್ ಮಾಡಿ ಹೊರಗೆ ಹೋದವರ ಪಟ್ಟಿಯೂ ನನ್ನ ಹತ್ತಿರ ಇರುತ್ತದೆ. ಎರಡೂ ಹಾಳೆ ಒಂದೇ ಕಂಪ್ಯೂಟರಿನಲ್ಲಿ, ಅಕ್ಕಪಕ್ಕದ ಫೋಲ್ಡರಿನಲ್ಲಿ ಇವೆ. ಒಂದಕ್ಕೊಂದು ಮಾತಾಡುವುದಿಲ್ಲ. ನಿಮ್ಮ ಹುದ್ದೆಯ ಹೆಸರಿನಲ್ಲಿ "ಎಕ್ಸಿಕ್ಯೂಟಿವ್" ಅಥವಾ "ಮ್ಯಾನೇಜರ್" ಅಂತ ಸೇರಿಸಿದ ದಿನ ಕೇಕ್ ಕತ್ತರಿಸುತ್ತಾರೆ. ಆ ದಿನ ಏನು ಕತ್ತರಿಸಿದರು ಅಂತ ಆಮೇಲೆ ಗೊತ್ತಾಗುತ್ತದೆ.

ಪ್ರಯಾಣದ ಸಮಯವನ್ನಂತೂ ಯಾವ ದೊಡ್ಡವರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2025ರ ಆಗಸ್ಟ್ 10ರವರೆಗೆ ನಾನು ಸಿಲ್ಕ್ ಬೋರ್ಡ್ ದಾಟಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಅವತ್ತು ಹಳದಿ ಮಾರ್ಗದ ಮೆಟ್ರೊ ಉದ್ಘಾಟನೆಯಾಗಿ, ಮರುದಿನ ಜನರಿಗೆ ಶುರುವಾಯಿತು. ಆಗ ಮೂರೇ ರೈಲು, 25 ನಿಮಿಷಕ್ಕೊಂದು. ಆರ್.ವಿ. ರಸ್ತೆ ನಿಲ್ದಾಣದಲ್ಲಿ ಜಾತ್ರೆ. ಆದರೂ ಕೂಡ್ಲು ಗೇಟ್‌ನಲ್ಲಿ ಇಳಿದಾಗ ಗಡಿಯಾರ ನೋಡಿ ನಂಬಿಕೆ ಬರಲಿಲ್ಲ. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಉಳಿಯಿತು. ಎರಡು ವಾರ ಆ ಗಂಟೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ. ಮೂರನೇ ವಾರ ಬೆಳಗಿನ ಮೀಟಿಂಗ್ ಒಂಬತ್ತೂವರೆಯಿಂದ ಎಂಟೂವರೆಗೆ ಬಂತು. "ಈಗ ಮೆಟ್ರೊ ಇದೆಯಲ್ಲ" ಅಂದರು.

ಪ್ರ: ಬಾಡಿಗೆ ಮನೆ ನೋಡಲು ಹೋದರೆ ಬಾಡಿಗೆ ಹೇಳುವ ಮೊದಲೇ "ನೀವು ಯಾವ ಜನ" ಅಂತ ಕೇಳುತ್ತಾರೆ. ಏನು ಉತ್ತರ ಕೊಡಬೇಕು?
— ಹೆಸರು ಬೇಡ, ರಾಜಾಜಿನಗರ

ಉ: ಈ ಪ್ರಶ್ನೆಗೆ ಧೈರ್ಯದ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ. ನನ್ನನ್ನೂ ಕೇಳಿದ್ದರು. ನೇರವಾಗಿ ಅಲ್ಲ. "ಮೂಡಿಗೆರೆ ಅಂದ್ರೆ... ನಿಮ್ಮಲ್ಲಿ ಯಾವ ದೇವರಿಗೆ ನಡ್ಕೋತೀರಿ?" ಅಂತ. ನಾನು ಹೇಳಿದೆ. ಅವರ ಮುಖ ಅರಳಿತು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅಂದವರು ಆರಕ್ಕೆ ಇಳಿದರು. ಕಾಫಿ ಕೊಟ್ಟರು. ಕುಡಿದೆ.

ಅದೇ ಮನೆ ನೋಡಲು ನನಗಿಂತ ನಾಲ್ಕು ದಿನ ಮೊದಲು ನನ್ನ ಸಹೋದ್ಯೋಗಿ ಒಬ್ಬಳು ಹೋಗಿದ್ದಳು. ಅದೇ ಸಂಬಳ, ಅದೇ ಬಜೆಟ್. ಅವಳಿಗೆ "ಮನೆ ಕೊಟ್ಟಾಯ್ತು" ಅಂದಿದ್ದರಂತೆ. ಈ ವಿಷಯ ನನಗೆ ತಿಳಿದದ್ದು ಸಾಮಾನು ಇಳಿಸಿದ ಮೇಲೆ. ಗೃಹಪ್ರವೇಶದ ಊಟಕ್ಕೆ ಕರೆದೆ, ಬಂದಳು. ಗೇಟಿನ ಹತ್ತಿರ ನಿಂತು ಮನೆಯನ್ನೇ ನೋಡಿದಳು. "ಓ, ಇದಾ" ಅಂದಳು. ಅಷ್ಟೇ. ಊಟ ಮಾಡಿ ಹೋದಳು, ನಾವು ಇವತ್ತಿಗೂ ಜೊತೆಗೆ ಊಟ ಮಾಡುತ್ತೇವೆ. ಆ ಮಾತು ಮತ್ತೆ ತೆಗೆದಿಲ್ಲ. ಮೂರು ವರ್ಷವಾಯಿತು, ನಾನು ಮನೆ ಬಿಟ್ಟೂ ಇಲ್ಲ.

ನೀವು ಏನು ಹೇಳಬೇಕು ಅಂತ ನಾನು ಹೇಗೆ ಹೇಳಲಿ. ಒಬ್ಬ ಗೆಳೆಯ "ಬಾಡಿಗೆ ತಪ್ಪದೆ ಕೊಡುವ ಜನ" ಅನ್ನುತ್ತಾನೆ. ಅವನು ಎಂಟನೇ ಮನೆ ಹುಡುಕುತ್ತಿದ್ದಾನೆ.

ಪ್ರ: ಮುಟ್ಟಿನ ರಜೆ ಬಂದಿದೆಯಂತೆ. ಕೇಳಲು ಮುಜುಗರ, ನಮ್ಮ ಟೀಂ ಲೀಡರ್ ಗಂಡಸು.
— ಹುಬ್ಬಳ್ಳಿಯ ಓದುಗಿ

ಉ: 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು, ಖಾಸಗಿ ಕಂಪನಿಗಳಿಗೂ ಸೇರಿಸಿ. ಮುಜುಗರ ಅರ್ಥವಾಗುತ್ತದೆ. ಇಲ್ಲಿವರೆಗೆ ಅದಕ್ಕೂ ನಾವು "ಹೊಟ್ಟೆನೋವು" ಅಂತಲೇ ಬರೆಯುತ್ತಿದ್ದೆವು. ಅದು ಮಳೆಯ ಹೊಟ್ಟೆನೋವಿನ ಹಾಗೆ ಸುಳ್ಳಾಗಿರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಿಮ್ಮ ರಜೆ ಪಟ್ಟಿಯಲ್ಲಿ ಅದಕ್ಕೊಂದು ಬೇರೆ ಸಾಲು ಹಾಕಿಸಿ ಅಂತ ಎಚ್‌ಆರ್‌ಗೆ ಮೇಲ್ ಮಾಡಿ. ಅದನ್ನು ನಾಲ್ಕೈದು ಜನ ಸೇರಿ ಮಾಡಿದರೆ ಇನ್ನೂ ಸುಲಭ. ಸಾಲು ಇದ್ದರೆ ಒತ್ತಿದರಾಯಿತು.

ಪ್ರ: ಕಾಫಿಗೆ ಒಳ್ಳೆ ಬೆಲೆ ಬಂದಿದೆ. ಕೆಲಸ ಬಿಟ್ಟು ತೋಟಕ್ಕೆ ಹೋಗಬೇಕು ಅಂತ ನಿಮಗೆ ಅನ್ನಿಸಲ್ವಾ?
— ಸಕಲೇಶಪುರ ಮೂಲದವ, ವೈಟ್‌ಫೀಲ್ಡ್

ಉ: ಅನ್ನಿಸುತ್ತದೆ, ಸಂಬಳ ಹಾಕುವ ವಾರದಲ್ಲಿ ದಿನಕ್ಕೆ ಮೂರು ಸಲ. 2025ರ ಶುರುವಿನಲ್ಲಿ ರೋಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದಾಗ ಅಪ್ಪನೇ "ನೀನು ಬಂದ್ಬಿಡು" ಅಂದಿದ್ದರು. ಅದೇ ವಾರ ಗೊಬ್ಬರದ ಬಿಲ್ ಬಂದ ಮೇಲೆ "ಅಲ್ಲೇ ಇರು" ಅಂದರು. ಹೋದ ಸಲ ಊರಿಗೆ ಹೋದಾಗ ಅವರ ಮಳೆ ನೋಟ್‌ಬುಕ್ ತೆಗೆದು ನೋಡಿದೆ. ದಿನಾಂಕ, ಇಂಚು, ಸೆಂಟ್. ಮೂವತ್ತು ವರ್ಷದ್ದು, ಒಂದೂ ದಿನ ತಪ್ಪಿಲ್ಲ. ನಾನು ಹುಟ್ಟಿದ ದಿನದ ಸಾಲಿನಲ್ಲಿ ಬರೆದಿದೆ: "2 ಇಂಚು 10 ಸೆಂಟ್. ಮಗಳು." ನನ್ನ ತಂತ್ರಾಂಶದ ಭಾಷೆಯಲ್ಲಿ ಹೇಳುವುದಾದರೆ ಅವರು ಮೂವತ್ತು ವರ್ಷ ರಜೆ ಹಾಕಿಲ್ಲ. ಆ ಕೆಲಸಕ್ಕೆ ನನ್ನ ಅರ್ಜಿ ತಳ್ಳಿಹಾಕುವ ಸಾಧ್ಯತೆಯೇ ಜಾಸ್ತಿ.

ಪ್ರ: ನಿಮ್ಮ ಕೊಡೆ ಯಾವ ಬಣ್ಣ?
— ಸುಮ್ನೆ ಕೇಳಿದೆ, ಹಾಸನ

ಉ: ಕಪ್ಪು, ಮರದ ಹಿಡಿ, ಊರಿಂದ ತಂದದ್ದು. ಹೋದ ಮಂಗಳವಾರ ಸಂಜೆ ಹೌಸ್‌ಕೀಪಿಂಗ್ ಅಕ್ಕನ ಕೈಗೆ ಕೊಟ್ಟೆ, ಬೇಗೂರಿಗೆ ನಡೆದು ಹೋಗುತ್ತೇನೆ ಅಂದರು. ಇನ್ನೂ ವಾಪಸ್ ಬಂದಿಲ್ಲ. ನಾನೂ ಕೇಳಿಲ್ಲ, ಮಳೆ ಇನ್ನೂ ನಿಂತಿಲ್ಲವಲ್ಲ.